ಸರ್ವರಿನ ಉತಾರ ಓದುವ ಬಗೆ

ಕಾಗಲ ಸೀಮೆಯಲ್ಲಿ ಹೊಲ ಕೊಳ್ಳಲು ಹೊರಟವನು ಹೊಲಕ್ಕೆ ಕಾಲಿಡುವ ಮೊದಲೇ ಸಾತ್‌ಬಾರಾ ಉತಾರ ತೆಗೆಸುತ್ತಾನೆ. ಏಳನೇ ನಮೂನೆಯಲ್ಲಿ ಗಟ್ ನಂಬರು, ಮಾಲೀಕರ ಹೆಸರು; ಹನ್ನೆರಡನೆಯದರಲ್ಲಿ ಬೆಳೆ. ದೂಧಗಂಗಾ ದಾಟಿ ನಿಪ್ಪಾಣಿ ಕಡೆ ಬಂದರೆ ಅದೇ ಪಹಣಿ. ತಿಳಿದವರ ಕಣ್ಣು ಮಾತ್ರ ನೇರವಾಗಿ ‘ಇತರ ಹಕ್ಕು’ಗಳ ಕಲಮಿಗೆ ಹೋಗುತ್ತದೆ. ಬೋಜಾ, ಅಂದರೆ ಸಾಲದ ಹೊರೆ, ಕೂತಿದೆಯೇ? ಸೊಸೈಟಿಯದೋ, ಬ್ಯಾಂಕಿನದೋ?

ಡಾಕರ್ ಹಾಕಿದ ಕಂಪ್ಯೂಟರಿಗೂ ಇಂಥದೊಂದು ಉತಾರವಿದೆ. ಟರ್ಮಿನಲ್ ತೆರೆದು ‘ಡಾಕರ್ ಇನ್ಫೋ’ ಎಂದು ಟೈಪಿಸಿ ಎಂಟರ್ ಒತ್ತಿದರೆ ಹತ್ತಾರು ಸಾಲುಗಳು ಸರಸರ ಇಳಿದು ಬರುತ್ತವೆ. ತಲಾಠಿಯ ಸಹಿ ಬೇಕಿಲ್ಲ, ಶುಲ್ಕವೂ ಇಲ್ಲ. ಇಲ್ಲಿ ಬೋಜಾ ಕೂರುವುದು ಕಟ್ಟಕಡೆಯ ಸಾಲುಗಳಲ್ಲಿ.

ಸಾಫ್ಟ್‌ವೇರನ್ನು ಅದಕ್ಕೆ ಬೇಕಾದ ಸರಕು-ಸರಂಜಾಮಿನ ಸಮೇತ ಕಟ್ಟಿ, ಬೇರೆಯವರ ಗೊಡವೆಯಿಲ್ಲದೆ ಓಡುವಂತೆ ಮಾಡುವುದೇ ಕಂಟೇನರ್. ಮೂಲ ಯಂತ್ರಾಂಗ ಲಿನಕ್ಸಿನದು. ಒಂದು ಪ್ರೋಗ್ರಾಮಿಗೆ ಎಷ್ಟು ಮೆಮೊರಿ, ಎಷ್ಟು ಸಿಪಿಯು ಎಂದು ಕಟ್ಟುಹಾಕುವ ಸಿಗ್ರೂಪ್ ಕೆಲಸವನ್ನು ಗೂಗಲಿನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ 2006ರಲ್ಲಿ ಆರಂಭಿಸಿದರು. 2008ರಲ್ಲಿ ಅದು ಲಿನಕ್ಸಿನೊಳಗೆ ಸೇರಿತು. ಕಂಟೇನರನ್ನು ಎಲ್ಲರ ಕೈಗೆ ಎಟುಕುವಂತೆ ಮಾಡಿದ್ದು ಡಾಕರ್. 2013ರ ಮಾರ್ಚಿನಲ್ಲಿ ಪೈಕಾನ್ ಸಮ್ಮೇಳನದಲ್ಲಿ ಅದನ್ನು ಕಟ್ಟಿದ ಸಾಲೊಮನ್ ಹೈಕ್ಸ್ ಮೊದಲು ತೋರಿಸಿದಾಗ ಸಿಕ್ಕಿದ್ದ ವೇಳೆ ಐದೇ ನಿಮಿಷ.

ಇಚಲಕರಂಜಿ, ಗಡಹಿಂಗ್ಲಜದ ಕಾಲೇಜು ಹುಡುಗರಿರಲಿ, ಬೆಂಗಳೂರಿನ ಪಳಗಿದ ಕೈಗಳಿರಲಿ, ಬೆರಳು ಮೊದಲು ಓಡುವುದು ‘ಡಾಕರ್ ಪಿಎಸ್’ ಕಡೆಗೆ. ನನ್ನ ಕಂಟೇನರ್ ಓಡುತ್ತಿದೆಯೇ ಇಲ್ಲವೇ, ಅಷ್ಟೇ ಚಿಂತೆ. ಇಡೀ ಮನೆಯ ಸ್ಥಿತಿ ಹೇಳುವ ಇನ್ಫೋ ನೆನಪಾಗುವುದು ಏನಾದರೂ ಕೆಟ್ಟು ನಿಂತ ಮೇಲೆ, ಅದೂ ‘ನಿನ್ನ ಇನ್ಫೋ ಕಳಿಸು’ ಎಂದು ಯಾರಾದರೂ ಕೇಳಿದಾಗ. ರಸಿಕರ ಪದ್ಧತಿ ತಿರುಗಾಮುರುಗಾ. ಹೊಸ ಯಂತ್ರ ಕೈಗೆ ಬಂದರೆ ಅವರು ಮೊದಲು ಇದನ್ನೇ ಓದುತ್ತಾರೆ.

ಉತ್ತರ ಎರಡು ಭಾಗ. ಮೇಲೆ ಕ್ಲೈಂಟ್, ಕೆಳಗೆ ಸರ್ವರ್. ಕ್ಲೈಂಟ್ ಎಂದರೆ ನಾವು ಟೈಪಿಸುವ ಕಮಾಂಡು. ಸರ್ವರ್ ಎಂದರೆ ಹಿಂದೆ ಕೂತು ಕೆಲಸ ಮಾಡುವ ಡೀಮನ್. ಮೇಲಿನ ಭಾಗ ನೆಟ್ಟಗೆ ಬಂದು ಕೆಳಗೆ ‘ಡೀಮನ್ ಸಂಪರ್ಕ ಸಿಗುತ್ತಿಲ್ಲ, ಅದು ಓಡುತ್ತಿದೆಯೇ?’ ಎಂಬ ಪ್ರಶ್ನೆ ಬಂದರೆ ಅರ್ಧ ರೋಗ ಅಲ್ಲೇ ಗೊತ್ತಾಯಿತು. ‘ಅನುಮತಿ ಇಲ್ಲ’ ಎಂದು ಬಂದರೆ ಬಳಕೆದಾರ ಡಾಕರ್ ಗುಂಪಿನಲ್ಲಿಲ್ಲ ಎಂದರ್ಥ. ಹಾಗೆಂದು ಸಿಕ್ಕಸಿಕ್ಕವರನ್ನು ಆ ಗುಂಪಿಗೆ ಸೇರಿಸುವಂತಿಲ್ಲ. ಸೇರಿದವನಿಗೆ ಆ ಯಂತ್ರದ ರೂಟ್ ಅಧಿಕಾರವೇ ಸಿಕ್ಕಂತೆ.

ಸರ್ವರ್ ಭಾಗದ ಮೊದಲ ಸಾಲುಗಳಲ್ಲಿ ಲೆಕ್ಕ: ಒಟ್ಟು ಕಂಟೇನರ್ ಎಷ್ಟು, ಓಡುತ್ತಿರುವವು ಎಷ್ಟು, ತಡೆಹಿಡಿದವು ಎಷ್ಟು, ನಿಂತವು ಎಷ್ಟು. ಓಡುತ್ತಿರುವುದು ಮೂರು, ನಿಂತದ್ದು ನಲವತ್ತು ಎಂದಿದ್ದರೆ ಆ ಸರ್ವರಿನಲ್ಲಿ ಕಸ ಗುಡಿಸುವವರಿಲ್ಲ ಎಂದೇ ತಿಳಿಯಬೇಕು. ನಿಂತ ಕಂಟೇನರ್ ಮೆಮೊರಿ ತಿನ್ನುವುದಿಲ್ಲ ನಿಜ, ಆದರೆ ತಾನು ಬರೆದಿಟ್ಟ ಕಡತಗಳ ಸಮೇತ ಡಿಸ್ಕಿನಲ್ಲಿ ಬಿದ್ದಿರುತ್ತದೆ. ಹೆಸರಿಡದೆ ಬಿಟ್ಟ ಕಂಟೇನರಿಗೆ ಡಾಕರ್ ತಾನೇ ಒಂದು ವಿಶೇಷಣಕ್ಕೆ ವಿಜ್ಞಾನಿಯ ಹೆಸರು ಜೋಡಿಸಿ ನಾಮಕರಣ ಮಾಡುತ್ತದೆ. ಆ ಪಟ್ಟಿಯಲ್ಲಿ ಸಿ.ವಿ. ರಾಮನ್, ಸತೀಶ್ ಧವನ್ ಇದ್ದಾರೆ. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೂ ಇದ್ದಾರೆ. ಖಡಕವಾಸಲಾ ಅಣೆಕಟ್ಟಿಗೆ ಸ್ವಯಂಚಾಲಿತ ಗೇಟು ಕೂರಿಸಿದ ಮನುಷ್ಯ ಯಾವುದೋ ಸರ್ವರಿನಲ್ಲಿ ‘ಸ್ಲೀಪಿ ವಿಶ್ವೇಶ್ವರಯ್ಯ’ ಎಂಬ ಹೆಸರು ಹೊತ್ತು ನಿಂತುಬಿಟ್ಟಿರಬಹುದು. ತೂಕಡಿಕೆಗೂ ಅವರಿಗೂ ಯಾವ ಜನ್ಮದ ನಂಟೋ!

ಮುಂದಿನದು ಸ್ಟೋರೇಜ್ ಡ್ರೈವರ್. ಬಹಳಷ್ಟು ಕಡೆ ಇಲ್ಲಿ ಓವರ್‌ಲೇ2 ಎಂದಿರುತ್ತದೆ. 2025ರ ಕೊನೆಗೆ ಬಂದ 29ನೇ ಆವೃತ್ತಿಯನ್ನು ಹೊಸದಾಗಿ ಹಾಕಿದವರಿಗೆ ಓವರ್‌ಲೇಎಫ್‌ಎಸ್ ಎಂದು ಕಾಣುತ್ತದೆ. ಇನ್ನೂ ಡಿವೈಸ್‌ಮ್ಯಾಪರ್ ಎಂದು ಕಂಡರೆ ಆ ಸರ್ವರನ್ನು ವರ್ಷಗಟ್ಟಲೆ ಯಾರೂ ಮುಟ್ಟಿಲ್ಲ. ಡಾಕರ್ 25ನೇ ಆವೃತ್ತಿಯಲ್ಲೇ ಅದನ್ನು ಕಿತ್ತುಹಾಕಿದೆ. ಸ್ಟೋರೇಜ್ ಡ್ರೈವರ್ ಸಾಲಿನ ಕೆಳಗೇ ‘ಡಿ ಟೈಪ್’ (ಕಡತದ ಬಗೆಯನ್ನು ಡೈರೆಕ್ಟರಿಯಲ್ಲೇ ಗುರುತಿಟ್ಟುಕೊಳ್ಳುವ ಸೌಲಭ್ಯ) ಎಂಬ ಚಿಕ್ಕ ಸಾಲಿದ್ದರೆ ಎದುರಿಗೆ ಟ್ರೂ ಎಂದಿರಲೇಬೇಕು. ಸೆಂಟ್‌ಒಎಸ್ 7ರ ಮೊದಮೊದಲ ದಿನಗಳಲ್ಲಿ ಎಕ್ಸ್‌ಎಫ್‌ಎಸ್ ಡಿಸ್ಕನ್ನು ಈ ಸೌಲಭ್ಯವಿಲ್ಲದೆಯೇ ಫಾರ್ಮ್ಯಾಟ್ ಮಾಡಿಟ್ಟವರು ಎಷ್ಟೋ ಮಂದಿ. ಅಳಿಸಿದ ಕಡತ ಅಳಿಯದೆ, ಇಮೇಜ್ ಕಟ್ಟಲು ಹೋದರೆ ಅರ್ಥವಾಗದ ದೋಷ ಬಂದು ಅವರು ತಲೆ ಕೆರೆದುಕೊಂಡರು. ಪರಿಹಾರ ಒಂದೇ, ಡಿಸ್ಕನ್ನು ಮತ್ತೆ ಫಾರ್ಮ್ಯಾಟ್ ಮಾಡುವುದು.

ಲಾಗಿಂಗ್ ಡ್ರೈವರ್ ಸಾಲನ್ನು ಯಾರೂ ಓದುವುದಿಲ್ಲ. ಓದಲೇಬೇಕಾದದ್ದು ಇದೇ.

ಅಲ್ಲಿ ಸಾಮಾನ್ಯವಾಗಿ ‘ಜೇಸನ್ ಫೈಲ್’ ಎಂದಿರುತ್ತದೆ. ಕಂಟೇನರ್ ಹೊರಹಾಕುವ ಪ್ರತಿ ಸಾಲನ್ನೂ ಅದು ಒಂದು ಕಡತಕ್ಕೆ ಸೇರಿಸುತ್ತ ಹೋಗುತ್ತದೆ. ಮಿತಿ ಹಾಕದಿದ್ದರೆ ಆ ಕಡತಕ್ಕೆ ಕೊನೆಯೇ ಇಲ್ಲ. ಇನ್ನೂರು ಬೈಟಿನ ಹತ್ತು ಸಾಲನ್ನು ಸೆಕೆಂಡಿಗೊಮ್ಮೆ ಬರೆಯುವ ಮಾತುಗಾರ ಕಂಟೇನರ್ ದಿನಕ್ಕೆ 170 ಎಂಬಿ ಮೀರುತ್ತದೆ, ವರ್ಷ ತುಂಬುವಷ್ಟರಲ್ಲಿ 60 ಜಿಬಿ ದಾಟುತ್ತದೆ. ಕಾಗಲದ ಪಂಚತಾರಾ ಎಂಐಡಿಸಿಯಂಥ ಕಡೆ ಶೆಡ್ಡಿನ ಮೂಲೆಯಲ್ಲಿಟ್ಟ ಸಣ್ಣ ಸರ್ವರಿಗೆ ಅಷ್ಟು ಸಾಕು, ಒಂದು ದಿನ ಡಿಸ್ಕ್ ಭರ್ತಿಯಾಗಿ ಡೇಟಾಬೇಸ್ ನಿಂತುಬಿಡುತ್ತದೆ. ತಮಾಷೆಯೆಂದರೆ, ಡಿಸ್ಕ್ ಬಳಕೆ ತೋರಿಸುವ ‘ಡಾಕರ್ ಸಿಸ್ಟಮ್ ಡಿಎಫ್’ ಕಮಾಂಡಿನ ಲೆಕ್ಕಕ್ಕೆ ಈ ಲಾಗ್ ಕಡತಗಳು ಬರುವುದೇ ಇಲ್ಲ. ಡಿಎಫ್ ನೋಡಿ ನಿಶ್ಚಿಂತರಾದವರು ಕೆಡುವುದು ಇಲ್ಲೇ. ‘ಲೋಕಲ್’ ಡ್ರೈವರಿಗೆ ಬದಲಿಸಿದರೆ ಅದು ತಾನಾಗಿಯೇ 20 ಎಂಬಿಯ ಐದು ಕಡತಗಳಷ್ಟೇ ಉಳಿಸಿಕೊಂಡು ಹಳೆಯದನ್ನು ಎಸೆಯುತ್ತದೆ. ಆದರೆ ಬದಲಾವಣೆ ಅನ್ವಯಿಸುವುದು ಹೊಸದಾಗಿ ಹುಟ್ಟುವ ಕಂಟೇನರುಗಳಿಗೆ ಮಾತ್ರ. ಹಳೆಯವನ್ನು ತೆಗೆದು ಮತ್ತೆ ಕಟ್ಟಬೇಕು.

ಸಿಗ್ರೂಪ್ ಡ್ರೈವರ್ ಸಾಲು, ಹಲವು ಯಂತ್ರಗಳ ಕಂಟೇನರುಗಳನ್ನು ಒಟ್ಟಿಗೆ ನಿಭಾಯಿಸುವ ಕುಬರ್ನೆಟಿಸನ್ನು ಡಾಕರ್ ಜೊತೆ ಇಟ್ಟುಕೊಂಡವರಿಗೆ ಮುಖ್ಯ. ಡಾಕರ್ ಕಡೆ ಸಿಸ್ಟಮ್‌ಡಿ, ಕುಬರ್ನೆಟಿಸ್ ಕಡೆ ಸಿಗ್ರೂಪ್‌ಎಫ್‌ಎಸ್ ಎಂದಾದರೆ ಇಬ್ಬರೂ ಮೆಮೊರಿಯ ಮೇಲೆ ಯಜಮಾನಿಕೆ ನಡೆಸಲು ಹೋಗಿ ಒತ್ತಡದ ಹೊತ್ತಿನಲ್ಲಿ ಯಂತ್ರ ತಡವರಿಸುತ್ತದೆ.

ಆಮೇಲೆ ರನ್‌ಸಿ ಆವೃತ್ತಿ. ಕಂಟೇನರನ್ನು ನಿಜವಾಗಿ ಎಬ್ಬಿಸಿ ಓಡಿಸುವ ಪುಟ್ಟ ಪ್ರೋಗ್ರಾಮ್ ಇದು. ಒಳಗಿನವನು ಹೊರಗಿನ ಯಂತ್ರಕ್ಕೆ ನುಸುಳಬಹುದಾದ ಬಿರುಕು ಇದರಲ್ಲಿ 2019ರ ಫೆಬ್ರುವರಿಯಲ್ಲೊಮ್ಮೆ, 2024ರ ಜನವರಿಯಲ್ಲೊಮ್ಮೆ ಪತ್ತೆಯಾಯಿತು. ಎರಡನೆಯದು ಸರಿಯಾದದ್ದು 1.1.12ರಲ್ಲಿ. ಇನ್ಫೋದಲ್ಲಿ ಅದಕ್ಕಿಂತ ಕೆಳಗಿನ ಅಂಕಿ ಕಂಡರೆ ಬೇರೆ ಕೆಲಸ ಬಿಟ್ಟು ಅಪ್‌ಡೇಟ್ ಮಾಡುವುದೇ ಸರಿ.

ಲ್ಯಾಪ್‌ಟಾಪಿನಲ್ಲಿ ಕಲಿಯುವವರನ್ನು ದಿಗಿಲುಗೊಳಿಸುವ ಸಾಲು ‘ಒಟ್ಟು ಮೆಮೊರಿ’. ಅಂಗಡಿಯವನು 16 ಜಿಬಿ ಎಂದು ಕೊಟ್ಟದ್ದು ಇಲ್ಲಿ ಹೆಚ್ಚುಕಡಿಮೆ ಅರ್ಧವಾಗಿ ಕಾಣುತ್ತದೆ. ಅಂಗಡಿಯವನು ನಿರಪರಾಧಿ. ವಿಂಡೋಸಿನಲ್ಲಿ ಡಾಕರ್ ಡೆಸ್ಕ್‌ಟಾಪ್ ಓಡುವುದು ಡಬ್ಲ್ಯುಎಸ್‌ಎಲ್ ಎಂಬ ಲಿನಕ್ಸ್ ಒಳಕೋಣೆಯಲ್ಲಿ, ಅದು ತಾನಾಗಿ ಪಡೆಯುವ ಪಾಲು ಅರ್ಧ. ಇನ್ಫೋ ಹೇಳುವುದು ಒಳಕೋಣೆಯ ಲೆಕ್ಕ.

ಇನ್ನು ಕಡೆಯ ಸಾಲುಗಳು. ಸಾಮಾನ್ಯವಾಗಿ ‘ವಾರ್ನಿಂಗ್’ ಎಂದು ಶುರುವಾಗುವ ಇವುಗಳಲ್ಲಿ ಕೆಲವು ಮೆಲುಮಾತಿನವು. ಸ್ವ್ಯಾಪ್ ಮಿತಿಗೆ ಬೆಂಬಲವಿಲ್ಲ ಎಂಬಂಥದ್ದನ್ನು ನೋಡಿಯೂ ಬದುಕಬಹುದು. ಆದರೆ 2375ನೇ ಪೋರ್ಟಿನಲ್ಲಿ ಎಪಿಐ ಗೂಢಲಿಪಿಯಿಲ್ಲದೆ ತೆರೆದಿದೆ ಎಂಬ ಎಚ್ಚರಿಕೆ ಬಂದರೆ ಕಾಫಿ ಕುಡಿದು ಬರುವಷ್ಟೂ ವ್ಯವಧಾನ ಸಲ್ಲದು. ಹೊರಗಿನ ಯಾರು ಬೇಕಾದರೂ ಬಂದು ತಮ್ಮ ಕಂಟೇನರ್ ಓಡಿಸಬಹುದು ಎಂಬುದು ಅದರ ಅರ್ಥ. 2019ರ ಅಕ್ಟೋಬರಿನಲ್ಲಿ ಪಾಲೊ ಆಲ್ಟೊ ನೆಟ್‌ವರ್ಕ್ಸ್‌ನ ಸಂಶೋಧಕರು ಗ್ರಾಬಾಯ್ಡ್ ಎಂಬ ಹುಳುವನ್ನು ಹಿಡಿದಾಗ, ಅದು ಹೀಗೆ ಬಾಗಿಲು ತೆರೆದಿಟ್ಟ 2,000ಕ್ಕೂ ಹೆಚ್ಚು ಡಾಕರ್ ಯಂತ್ರಗಳನ್ನು ಹೊಕ್ಕು ಮೊನೆರೊ ನಾಣ್ಯ ಗಣಿಗಾರಿಕೆಗೆ ಹಚ್ಚಿತ್ತು. ವಿದ್ಯುತ್ ಬಿಲ್ಲು ಮಾಲೀಕರದು, ನಾಣ್ಯ ಕಳ್ಳರದು.

ಈ ಎಚ್ಚರಿಕೆಗಳಿಗೆ ಒಂದು ಚಾಳಿಯಿದೆ, ಹಳಬರೂ ಇಲ್ಲಿ ಎಡವುತ್ತಾರೆ. ವಾರಕ್ಕೊಮ್ಮೆ ಇನ್ಫೋವನ್ನು ಕಡತಕ್ಕೆ ಉಳಿಸಿ ಹಿಂದಿನದರ ಜೊತೆ ಹೋಲಿಸುವುದು ಒಳ್ಳೆಯ ರೂಢಿ. ಆದರೆ ಬರೀ ‘>’ ಚಿಹ್ನೆಯಿಂದ ಕಡತಕ್ಕೆ ಹರಿಸಿದರೆ ಎಚ್ಚರಿಕೆಗಳು ಅದರೊಳಗೆ ಹೋಗುವುದಿಲ್ಲ. ಅವು ದೋಷಗಳ ಕಾಲುವೆಯಲ್ಲಿ ಬರುವುದರಿಂದ ಪರದೆಯ ಮೇಲೇ ಉಳಿಯುತ್ತವೆ. ರಾತ್ರಿ ತಾನಾಗಿ ಓಡುವ ಸ್ಕ್ರಿಪ್ಟಿನಲ್ಲಾದರೆ ಪರದೆಯ ಮುಂದೆ ಕೂತವರೂ ಇರುವುದಿಲ್ಲ. ಕಡತದ ಹೆಸರಿನ ನಂತರ 2>&1 ಎಂದು ಸೇರಿಸಬೇಕು, ಇಲ್ಲವೇ ಫಾರ್ಮ್ಯಾಟ್ ಆಯ್ಕೆ ಕೊಟ್ಟು ಎಲ್ಲವನ್ನೂ ಜೇಸನ್ ರೂಪದಲ್ಲಿ ತೆಗೆಯಬೇಕು. ಅದರಲ್ಲಿ ವಾರ್ನಿಂಗ್ಸ್ ಎಂಬ ಪ್ರತ್ಯೇಕ ಕಲಮೇ ಇರುತ್ತದೆ.