ಬಾಳ್ಗಚ್ಚು ಮತ್ತು ಜಹಗೀರು: ಜೇಮ್ಸ್ ಸ್ಕಿನ್ನರನ ಸ್ಮೃತಿಕಥನದ ಒಂದು ಓದು

ಗಡಿನಾಡಿನಲ್ಲಿ ನೆಲೆಯೂರಿದ ಯೋಧರ ವೃತ್ತಾಂತಗಳನ್ನು ನಾವು ಸಾಮಾನ್ಯವಾಗಿ ಇತಿಹಾಸದ ಆಕರಗಳೆಂದು ಓದುತ್ತೇವೆ. ಕಥನಗಳೆಂದು ಓದುವುದು ವಿರಳ. ಕರ್ನಲ್ ಜೇಮ್ಸ್ ಸ್ಕಿನ್ನರನ (1778–1841) ಸ್ಮೃತಿಕಥನಕ್ಕೂ ಇದೇ ಗತಿ ಒದಗಿದೆ. ಆತನ ಮರಣದ ಹತ್ತು ವರ್ಷಗಳ ತರುವಾಯ, 1851ರಲ್ಲಿ, ಜೇಮ್ಸ್ ಬೇಲಿ ಫ್ರೇಸರ್ ಎಂಬವನು ಇದನ್ನು ಸಂಪಾದಿಸಿ ಎರಡು ಸಂಪುಟಗಳಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಗ್ರಂಥದ ಶೀರ್ಷಿಕೆಯಲ್ಲಿಯೇ ‘ಸೈನಿಕ’ ಎಂಬ ವಿಶೇಷಣವಿದೆ. ಈ ಒಂದು ಮಾತು ಓದುಗನ ದೃಷ್ಟಿಯನ್ನು ಮೊದಲೇ ಕಟ್ಟಿಹಾಕುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಸ್ಕಿನ್ನರನ ತಂದೆ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಸ್ಕಾಟ್ಲೆಂಡಿನವನು. ತಾಯಿ ರಜಪೂತ ಮನೆತನದವಳು. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸುವುದರಿಂದ ಪರದೆಯ ಮರ್ಯಾದೆ ಕೆಡುತ್ತದೆಂದು ಆಕೆ 1790ರಲ್ಲಿ ಪ್ರಾಣ ಬಿಟ್ಟಳು. ತಂದೆತಾಯಿಗಳಲ್ಲಿ ಒಬ್ಬರು ಭಾರತೀಯರಾಗಿದ್ದರೆ ಅಂಥವರಿಗೆ ಕಂಪನಿಯ ಸೇನಾಧಿಕಾರ ಸಲ್ಲದೆಂಬ ಆಜ್ಞೆ 1791ರಲ್ಲಿ ಹೊರಟಿತು. ಕಲ್ಕತ್ತೆಯ ಮುದ್ರಣಾಲಯವೊಂದರಲ್ಲಿ ಕೆಲಸಕ್ಕೆ ಸೇರಿಸಲ್ಪಟ್ಟ ಹುಡುಗ ಅಲ್ಲಿಂದ ಓಡಿಹೋಗಿ, ಕೊನೆಗೆ ಶಿಂದೆಯ ಸೇನೆಯನ್ನು ಸೇರಿದುದರ ಹಿನ್ನೆಲೆ ಇದು. 1803ರಲ್ಲಿ ಕಂಪನಿಗೂ ಶಿಂದೆಗೂ ಯುದ್ಧ ಮೊದಲಾದಾಗ ಶಿಂದೆಯ ಸೇನಾನಿ ಪೆರ್ರೋಂ ಅವನನ್ನು ಕೈಬಿಟ್ಟನು. ಹಳೆಯ ಒಡೆಯನ ಮೇಲೆ ಕತ್ತಿಯೆತ್ತುವುದಿಲ್ಲವೆಂಬ ಕರಾರಿನ ಮೇಲೆಯೇ ಆತ ಜನರಲ್ ಲೇಕನ ಬಳಿಗೆ ಬಂದನು. ಪೆರ್ರೋಂನ ಪಾಳೆಯದಿಂದ ಬಂದ ಸವಾರರೂ ಇವನನ್ನೇ ನಾಯಕನನ್ನಾಗಿ ಬಯಸಿದರು. ಹಳದಿ ಅಂಗಿಯ ಆ ದಳ ಇಂದಿಗೂ ಭಾರತೀಯ ಸೇನೆಯಲ್ಲಿ ಸ್ಕಿನ್ನರನ ಹೆಸರನ್ನು ಉಳಿಸಿಕೊಂಡಿದೆ. ಕುದುರೆ, ಆಯುಧಗಳನ್ನು ಸವಾರನೇ ತರುವ ಸಿಲ್ಲೇದಾರ ಪದ್ಧತಿ ಆಗ ಅದರದಾಗಿತ್ತು. ಮೈಸೂರಿನ ಸಿಲ್ಲೇದಾರರನ್ನು ಬಲ್ಲ ಕನ್ನಡ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೃತಿಯ ಅತ್ಯಂತ ಸತ್ತ್ವಯುತ ಭಾಗವೆಂದರೆ ರಜಪೂತಾನದ ಉಣಿಯಾರಾ ಕಾಳಗದ ಪ್ರಸಂಗ. ಗಾಯಗೊಂಡ ಸ್ಕಿನ್ನರ್ ಹೆಣಗಳ ನಡುವೆ ಬಿದ್ದಿದ್ದಾನೆ. ಕಾಲು ಹಾರಿಹೋದ ಸುಬೇದಾರನೊಬ್ಬ ಸಮೀಪದಲ್ಲಿಯೇ ನರಳುತ್ತಿದ್ದಾನೆ. ಮರುದಿನ ಗಂಡಸೊಬ್ಬನೂ ಮುದುಕಿಯೊಬ್ಬಳೂ ರೊಟ್ಟಿ, ನೀರು ಹೊತ್ತು ಬರುತ್ತಾರೆ. ಆಕೆ ಚಮ್ಮಾರಳು. ಸ್ಕಿನ್ನರ್ ಕುಡಿಯುತ್ತಾನೆ, ಸುಬೇದಾರ ತಾನು ರಜಪೂತನೆಂದು ನೀರನ್ನು ನಿರಾಕರಿಸುತ್ತಾನೆ. ಇಲ್ಲಿ ನಿರೂಪಕ ಯಾವ ವ್ಯಾಖ್ಯಾನವನ್ನೂ ಮಾಡುವುದಿಲ್ಲ. ಮಾಡದಿರುವುದೇ ಪ್ರಸಂಗದ ಬಲ. ತಾಯಿಯ ಕಡೆಯಿಂದ ತಾನೂ ರಜಪೂತ ರಕ್ತದವನೆಂಬುದನ್ನು ಆತ ಈ ಸಂದರ್ಭದಲ್ಲಿ ಹೇಳಿಕೊಳ್ಳಬೇಕಾಗಿಯೂ ಇಲ್ಲ, ಓದುಗನಿಗೆ ಅದು ನೆನಪಾಗದೆ ಇರುವುದಿಲ್ಲ. ಬದುಕಿದರೆ ಇಗರ್ಜಿಯೊಂದನ್ನು ಕಟ್ಟಿಸುವೆನೆಂದು ಅಲ್ಲಿ ತೊಟ್ಟ ಸಂಕಲ್ಪ ದೆಹಲಿಯ ಕಾಶ್ಮೀರಿ ಗೇಟಿನ ಬಳಿಯ ಸೇಂಟ್ ಜೇಮ್ಸ್ ಇಗರ್ಜಿಯಾಗಿ 1836ರಲ್ಲಿ ಪ್ರತಿಷ್ಠೆಗೊಂಡಿತು. ಆತನ ಸಮಾಧಿಯೂ ಅಲ್ಲಿಯೇ ಇದೆ. ನೀರು ಕೊಟ್ಟವಳನ್ನು ಅವನು ಮರೆತವನಲ್ಲ, ಕಾಣಿಕೆ ಕಳುಹಿಸಿದನು. ಆದರೆ ಆಕೆ ನಮ್ಮವರೆಗೆ ಬಂದಿರುವುದು ಕುಲದ ಹೆಸರಿನಿಂದ ಮಾತ್ರ.

ಯುದ್ಧಗಳಿಗೆ ಇಷ್ಟು ವಿಸ್ತಾರವಾಗಿ ತೆರೆದುಕೊಳ್ಳುವ ಕಥನ, ಹಾಂಸಿಯ ನೆಲೆಯ ವಿಷಯಕ್ಕೆ ಬಂದಾಗ ಸಂಕೋಚಗೊಳ್ಳುತ್ತದೆ. ನಮ್ಮ ಮುಖ್ಯ ಆಕ್ಷೇಪ ಇದು. ಹಾಂಸಿ ಆಗ ದೆಹಲಿಯ ಪಶ್ಚಿಮಕ್ಕಿದ್ದ ನೀರಿಲ್ಲದ ಗಡಿಸೀಮೆ. ಐರ್ಲೆಂಡಿನ ಸಾಹಸಿ ಜಾರ್ಜ್ ಥಾಮಸ್ ಅಲ್ಲಿ ಸ್ವತಂತ್ರವಾಗಿ ಆಳುತ್ತಿದ್ದಾಗ, 1801ರಲ್ಲಿ, ಆ ಕೋಟೆಗೆ ಮುತ್ತಿಗೆ ಹಾಕಿದ ಪೆರ್ರೋಂನ ಸೇನೆಯಲ್ಲಿ ಸ್ಕಿನ್ನರನೂ ಇದ್ದನು. ಮುಂದೆ ಆತ ದಳದ ಠಾಣ್ಯ ಹೂಡಿ, ಬೇಸಾಯ ಮಾಡಿಸಿ, ಮನೆತನ ಬೆಳೆಸಿ, ಕೊನೆಯುಸಿರೆಳೆದದ್ದು ಇದೇ ಹಾಂಸಿಯಲ್ಲಿ. ಮುತ್ತಿದವನೇ ಒಕ್ಕಲಾದ ಈ ಪರಿವರ್ತನೆ ಗ್ರಂಥದ ಕೇಂದ್ರವಾಗಬಹುದಿತ್ತು. ಸೇವೆಗೆ ಪ್ರತಿಫಲವಾದ ಜಹಗೀರು, ಪದವಿಯ ವಿಷಯದಲ್ಲಿ ಕಂಪನಿ ತೋರಿದ ಜಿಪುಣತನ, ಇವುಗಳ ನೋವು ಕಾಣುತ್ತದೆಯೇ ಹೊರತು ನೆಲ ಕಾಣುವುದಿಲ್ಲ.

ಹಳಗನ್ನಡ ಶಾಸನಗಳ ಅಭ್ಯಾಸಿಗಳಾದ ನಮಗೆ ಇಲ್ಲಿ ‘ಬಾಳ್ಗಚ್ಚು’ ಎಂಬ ಪದ ನೆನಪಾಗುತ್ತದೆ. ಬಾಳ್ ಎಂದರೆ ಕತ್ತಿ, ಕಚ್ಚು ಎಂದರೆ ತೊಳೆ. ಕತ್ತಿ ತೊಳೆದು ಕೊಡುವ ಭೂಮಿ ಅದು. ಕ್ರಿ.ಶ. 949ರ ಆತಕೂರು ಶಾಸನದಲ್ಲಿ ಬೂತುಗನು ಮಣಲೇರನಿಗೆ ಊರುಗಳನ್ನು ಬಾಳ್ಗಚ್ಚಾಗಿ ಕೊಡುತ್ತಾನೆ. ಅದೇ ಕಲ್ಲಿನಲ್ಲಿ ತಕ್ಕೋಲದ ಯುದ್ಧವಿದೆ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯೂ ಇದೆ. ನಾಯಿಗೂ ಹೆಸರಿದೆ ಎಂಬುದನ್ನು ಗಮನಿಸಬೇಕು. ಸ್ಕಿನ್ನರನನ್ನು ಹತ್ತನೆಯ ಶತಮಾನದ ವೀರನೊಡನೆ ಸಮೀಕರಿಸುವ ಉದ್ದೇಶ ನಮ್ಮದಲ್ಲ. ಕಂಪನಿಯ ಜಹಗೀರಿಗೂ ಗಂಗರ ದತ್ತಿಗೂ ಅಜಗಜಾಂತರವಿದೆ. ಕತ್ತಿಯನ್ನೂ ನೆಲವನ್ನೂ ಒಂದೇ ಪದದಲ್ಲಿ ಹಿಡಿಯುವ ಶಾಸನಕಾರನಿಗೆ ಅಸಹಜವೆನಿಸದ ಜೋಡಣೆ ಫ್ರೇಸರನ ಸಂಪುಟಗಳಲ್ಲಿ ಏಕೆ ಮುರಿದುಬೀಳುತ್ತದೆ ಎಂಬುದಷ್ಟೇ ಪ್ರಶ್ನೆ. ಸಂಪಾದಕನಾದ ಫ್ರೇಸರ್, ಸ್ಕಿನ್ನರನ ಆಪ್ತಮಿತ್ರನೂ 1835ರಲ್ಲಿ ದೆಹಲಿಯಲ್ಲಿ ಕೊಲೆಯಾದವನೂ ಆದ ವಿಲಿಯಂ ಫ್ರೇಸರನ ಅಣ್ಣ. ಆತನಲ್ಲಿ ಸ್ನೇಹವಿತ್ತು, ಸಂದೇಹವಿಲ್ಲ. ಆದರೆ ಇಂಗ್ಲೆಂಡಿನ ಓದುಗರಿಗೆ ಬೇಕಾದುದು ಸವಾರ, ಒಕ್ಕಲಿಗನಲ್ಲ.

ಆ ಒಕ್ಕಲಿಗನನ್ನು ಕಾಣಲು ಬೇರೆಡೆಗೆ ಹೋಗಬೇಕು. 1825ರಲ್ಲಿ ಹಾಂಸಿಯಲ್ಲಿ ಸಿದ್ಧವಾದ ಸ್ಕಿನ್ನರನ ಪಾರಸಿ ಗ್ರಂಥ ‘ತಶ್ರೀಹುಲ್ ಅಕ್ವಾಮ್’ ತನ್ನ ಸುತ್ತಣ ಜಾತಿ, ಕಸುಬುಗಳನ್ನು ಚಿತ್ರಸಮೇತ ವಿವರಿಸುತ್ತದೆ. ಗುಲಾಮ್ ಅಲಿ ಖಾನ್ 1827ರಲ್ಲಿ ಆತನ ದಳದ ದರ್ಬಾರನ್ನು ಚಿತ್ರಿಸಿದ್ದಾನೆ. ಹಾಂಸಿಯ ತೋಟವೂ ಆ ವರ್ಷಗಳ ಚಿತ್ರಗಳಲ್ಲಿದೆ. ವರ್ಗೀಕರಿಸುವ ಒಡೆಯನ ಕಣ್ಣು ಇವುಗಳಲ್ಲಿ ಇಲ್ಲವೆಂದಲ್ಲ. ಆದರೂ ತಾನು ಯಾರ ನಡುವೆ ಬದುಕಿದೆನೆಂಬುದನ್ನು ಸ್ಕಿನ್ನರ್ ಸ್ಮೃತಿಕಥನದಲ್ಲಿ ಹೇಳಿದುದಕ್ಕಿಂತ ಇಲ್ಲಿ ಹೆಚ್ಚು ಹೇಳಿದ್ದಾನೆ. ‘ತಶ್ರೀಹ್’ನ ಒಂದು ಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ, ಇನ್ನೊಂದನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅಂತರಜಾಲದಲ್ಲಿ ತೆರೆದಿಟ್ಟಿದೆ. ಫ್ರೇಸರನ ಸಂಪುಟಗಳನ್ನು ಕೈಗೆತ್ತಿಕೊಳ್ಳುವ ಸಂಶೋಧಕರು ಮೊದಲು ಆ ಪುಟಗಳನ್ನು ತಿರುವಿಹಾಕುವುದು ಒಳಿತು.