ಒಂದು ರಾತ್ರಿಯ ಯಜಮಾನರು

ದಿಲ್ಲಿಯಲ್ಲಿರುವ ನಮ್ಮಂಥವರ ಮನೆಗೆ ಊರಿಂದ ನೆಂಟರು ಬಂದರೆ, ತಾಜಮಹಲ್ ಮುಗಿದ ಮೇಲೆ ಮುಂದಿನ ಬೇಡಿಕೆ ಜೈಸಲ್ಮೇರಿನ ಮರಳುಗಾಡು. ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ದೂರದ ಸಮ್ ದಿಬ್ಬಗಳಲ್ಲಿ ಪ್ಯಾಕೇಜುಗಳೆಲ್ಲ ಹೆಚ್ಚುಕಮ್ಮಿ ಒಂದೇ ಅಚ್ಚು: ಜೀಪಿನಲ್ಲಿ ಮರಳ ಏರಿಳಿತ, ಒಂಟೆ ಸವಾರಿ, ಸೂರ್ಯಾಸ್ತ, ಆಮೇಲೆ ಡೇರೆಗಳ ನಡುವೆ ಹಾಡು, ಕುಣಿತ, ದಾಲ್-ಬಾಟಿ ಊಟ. ಜೀಪಿನ ಬಗ್ಗೆ ನನ್ನ ತಕರಾರಿಲ್ಲ. ಮಕ್ಕಳು ಕೇಕೆ ಹಾಕುತ್ತಾರೆ, ಕೊಟ್ಟ ಕಾಸಿಗೆ ಮೋಸವಿಲ್ಲ. ತಕರಾರು ಇರೋದು ಸಂಜೆಯ ಕಾರ್ಯಕ್ರಮದ ಬಗ್ಗೆ.

ನಾವಿದ್ದ ಶಿಬಿರದಲ್ಲಿ ಹಾಡಿದವರು ಮಾಂಗಣಿಯಾರರು. ಯಜಮಾನರ ಮನೆಯ ಹುಟ್ಟು, ಮದುವೆಗಳಲ್ಲಿ ತಲೆತಲಾಂತರದಿಂದ ಹಾಡುತ್ತ, ಆ ಮನೆತನದ ವಂಶಾವಳಿಯನ್ನೇ ನೆನಪಿನಲ್ಲಿ ಕಾಪಾಡಿದ ಮುಸಲ್ಮಾನ ಗಾಯಕರು. ಯಜಮಾನರಲ್ಲಿ ರಜಪೂತರೂ ಉಂಟು. ಅವರ ಕಮಾಯ್ಚಾ ಚರ್ಮ ಹೊದಿಸಿದ, ಕಮಾನಿನಿಂದ ನುಡಿಸುವ ವಾದ್ಯ. ಎರಡೇ ಹಾಡು, ಅಷ್ಟರಲ್ಲಿ ಧ್ವನಿವರ್ಧಕದ ಸಿನಿಮಾ ಹಾಡು ಅದನ್ನು ನುಂಗಿಬಿಟ್ಟಿತು. 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಾಲ್‌ಬೇಲಿಯಾ ನೃತ್ಯವೂ ಕೊನೆಗೆ ಪ್ರವಾಸಿಗರನ್ನು ಎಳೆದು ಕುಣಿಸುವ ಮಟ್ಟಕ್ಕೆ ಇಳಿಯಿತು.

ಇದಕ್ಕೆ ಕಲಾವಿದರನ್ನು ದೂರುವುದು ಅನ್ಯಾಯ. ಹಳೆಯ ಯಜಮಾನನಿಗೆ ಹಾಡು ಗೊತ್ತಿತ್ತು, ಗಾಯಕನಿಗೆ ಅವನ ಮುತ್ತಜ್ಜನ ಹೆಸರೂ ಗೊತ್ತಿತ್ತು. ಒಂದು ರಾತ್ರಿಯ ಯಜಮಾನರಾದ ನಮಗೆ ಹಾಡುವವನ ಹೆಸರೂ ಬೇಡ. ಸಿನಿಮಾ ಹಾಡಿಗೇ ಚಪ್ಪಾಳೆ ಜೋರು, ಹಾಗಾಗಿ ಅದೇ ಸಿಗುತ್ತೆ. ಪರವೂರಿನ ಸಂಘದಲ್ಲಿ ಯಕ್ಷಗಾನವನ್ನು ಅರ್ಧ ಗಂಟೆಗೆ ಮೊಟಕು ಮಾಡಿದರೆ ಗೊಣಗುವ ನಮಗಾದರೂ ಇದು ಅರ್ಥವಾಗಬೇಕು.

ಹೋಗುವವರು ಮುಂಗಡ ಕೊಡುವ ಮೊದಲೇ ಕೇಳಿ: ಧ್ವನಿವರ್ಧಕವಿಲ್ಲದೆ ಒಂದು ಗಂಟೆ ಕಮಾಯ್ಚಾ ಕೇಳಿಸ್ತೀರಾ ಅಂತ. ಗಿರಾಕಿ ಕೇಳದ ಸರಕನ್ನು ಯಾವ ಅಂಗಡಿಯವನೂ ಇಡೋದಿಲ್ಲ.