ಪ್ರಾಚೀನತೆ ಪ್ರಮಾಣವೇ? ಮೇಧ್ಯ ಮೂಲಿಕೆಗಳ ಕುರಿತ ಬರಹಗಳ ಒಂದು ವಿಮರ್ಶೆ

ವೃದ್ಧಾಪ್ಯದ ಮರೆವು, ಮನಸ್ಸಿನ ಖಿನ್ನತೆ, ಅಂಗಾಂಗಗಳ ಕಂಪನ ಇವುಗಳಿಗೆ ಮೂಲಿಕೆಗಳನ್ನು ವಿಧಿಸುವ ಬರಹಗಳು ಈಚೆಗೆ ವಿಪುಲವಾಗಿವೆ. ಅವುಗಳಲ್ಲಿ ಅನೇಕವು ಇತಿಹಾಸದಿಂದಲೇ ಆರಂಭವಾಗುತ್ತವೆ: ಈ ಔಷಧ ಸಾವಿರಾರು ವರ್ಷಗಳಿಂದ ಬಳಕೆಯಲ್ಲಿದೆ, ಆದುದರಿಂದ ಇದು ಫಲಕಾರಿ, ನಿರಪಾಯಕರ. ಮೂಲಿಕೆಯ ಗುಣನಿರ್ಣಯ ವೈದ್ಯರ ಕೆಲಸ. ಆದರೆ ಈ ವಾದದ ಮೊದಲ ಮಾತು ಇತಿಹಾಸಕ್ಕೆ ಸೇರಿದ್ದು. ಅದನ್ನು ಒರೆಗೆ ಹಚ್ಚುವ ಹೊಣೆ ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಉಂಟು.

ಬ್ರಾಹ್ಮಿಯನ್ನೇ ತೆಗೆದುಕೊಳ್ಳೋಣ. ಕನ್ನಡ ನಾಡಿನಲ್ಲಿ ತಂಬುಳಿಗೆ ಬಳಸುವ ಒಂದೆಲಗವನ್ನೇ ಅನೇಕರು ಬ್ರಾಹ್ಮಿಯೆನ್ನುತ್ತಾರೆ. ಕೇರಳದಲ್ಲಿ ಆ ಹೆಸರು ನೀರುಬ್ರಾಹ್ಮಿಗೆ ಸಲ್ಲುತ್ತದೆ. ಇವೆರಡೂ ಬೇರೆ ಬೇರೆ ಕುಟುಂಬಗಳ ಸಸ್ಯಗಳು. ಚರಕಸಂಹಿತೆಯ ಚಿಕಿತ್ಸಾಸ್ಥಾನ ಮೇಧ್ಯ ರಸಾಯನಗಳೆಂದು ಎಣಿಸುವುದು ನಾಲ್ಕನ್ನು: ಮಂಡೂಕಪರ್ಣಿ, ಜ್ಯೇಷ್ಠಮಧು, ಅಮೃತಬಳ್ಳಿ ಮತ್ತು ಶಂಖಪುಷ್ಪಿ. ಬ್ರಾಹ್ಮಿ ಈ ಪಟ್ಟಿಯಲ್ಲಿಲ್ಲ; ಬ್ರಾಹ್ಮೀಘೃತವನ್ನು ಹೇಳಿರುವುದು ಅಪಸ್ಮಾರದ ಅಧ್ಯಾಯದಲ್ಲಿ. ಹೀಗಿರುವಾಗ ಒಂದು ಗಿಡದ ಕೀರ್ತಿಯನ್ನು ಇನ್ನೊಂದಕ್ಕೆ ವರ್ಗಾಯಿಸಿ, ಅದನ್ನು ಅವಿಚ್ಛಿನ್ನ ಪರಂಪರೆಯೆಂದು ಕರೆಯುವುದು ಸಾಧುವಲ್ಲ.

ಸಸ್ಯದ ಹೆಸರಿನಂತೆ ರೋಗದ ಹೆಸರಿನಲ್ಲಿಯೂ ಎಚ್ಚರ ಬೇಕು. ಅಲೋಯಿಸ್ ಆಲ್ಜೈಮರ್ ತಮ್ಮ ರೋಗಿಯೊಬ್ಬಳ ಮೆದುಳಿನ ವಿಕೃತಿಗಳನ್ನು ವಿದ್ವತ್ಸಭೆಯ ಮುಂದಿಟ್ಟದ್ದು 1906ರಲ್ಲಿ. ಮೇಧೆಯನ್ನು ವರ್ಧಿಸುವುದೆಂಬ ಪ್ರಾಚೀನ ಮಾತು ಈ ನಿರ್ದಿಷ್ಟ ರೋಗದ ಚಿಕಿತ್ಸೆಯಾಗಲಾರದು. ಆಧುನಿಕ ಪ್ರಯೋಗಗಳನ್ನು ಉದಾಹರಿಸುವಾಗಲೂ ಇದೇ ಪ್ರಮಾದ ನಡೆಯುತ್ತದೆ. 2001ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಒಂದು ಪ್ರಯೋಗದಲ್ಲಿ ನೀರುಬ್ರಾಹ್ಮಿಯ ಸಾರವನ್ನು 12 ವಾರ ಪರೀಕ್ಷಿಸಿ, ಕಲಿಕೆ ಹಾಗೂ ಸ್ಮರಣೆಗಳಲ್ಲಿ ಸುಧಾರಣೆಯನ್ನು ಕಂಡರು. ಆದರೆ ಅದರಲ್ಲಿ ಭಾಗವಹಿಸಿದ 46 ಮಂದಿಯೂ ಆರೋಗ್ಯವಂತರು. ಆ ಫಲವನ್ನು ಮೆದುಳು ಕ್ಷಯಿಸುತ್ತಿರುವ ರೋಗಿಗೆ ಅನ್ವಯಿಸುವುದು ಆಧಾರವನ್ನು ಮೀರಿದ ಮಾತು.

ಪುರಾತನವಾದುದು ನಿರಪಾಯವೆಂಬ ನಂಬಿಕೆಗೆ ಸರ್ಪಗಂಧಿಯ ಚರಿತ್ರೆಯೇ ಉತ್ತರ. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಅದರ ಉಪಯೋಗವನ್ನು ಪ್ರಕಟಿಸಿದರು. 1952ರಲ್ಲಿ ಸ್ವಿಟ್ಸರ್ಲೆಂಡಿನ ವಿಜ್ಞಾನಿಗಳು ಅದರ ಬೇರಿನಿಂದ ರೆಸರ್ಪಿನ್ ಬೇರ್ಪಡಿಸಿದರು. ಅದೇ ದಶಕದಲ್ಲಿ, ಅದನ್ನು ಸೇವಿಸಿದ ಕೆಲವರಲ್ಲಿ ತೀವ್ರ ಖಿನ್ನತೆಯೂ ಪಾರ್ಕಿನ್ಸನ್ ರೋಗವನ್ನು ಹೋಲುವ ಬಿಗಿತ-ಕಂಪನಗಳೂ ಕಾಣಿಸಿಕೊಂಡುವೆಂದು ವೈದ್ಯರು ವರದಿ ಮಾಡಿದರು. ಖಿನ್ನತೆಯ ವಿಷಯದಲ್ಲಿ ಮುಂದೆ ಭಿನ್ನಾಭಿಪ್ರಾಯಗಳು ಬಂದುವು, ನಿಜ. ಆದರೂ ಮೂಲಿಕೆ ಎಂಬ ಮಾತ್ರಕ್ಕೆ ಅದು ಸೌಮ್ಯವಲ್ಲ ಎಂಬುದು ನಿರ್ವಿವಾದ.

ಪರಂಪರೆಯಲ್ಲಿ ಸತ್ತ್ವವೇ ಇಲ್ಲವೆಂಬುದು ನಮ್ಮ ಅಭಿಪ್ರಾಯವಲ್ಲ. ನಸುಗುನ್ನಿಯ ಬೀಜದಲ್ಲಿ ಎಲ್-ಡೋಪ ಇದೆಯೆಂಬುದನ್ನು 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಅವರು ಮದರಾಸಿನಲ್ಲಿ ತೋರಿಸಿದರು. 1961ರಲ್ಲಿ ವಿಯೆನ್ನಾದ ವೈದ್ಯರು ಪಾರ್ಕಿನ್ಸನ್ ರೋಗಿಗಳಲ್ಲಿ ಎಲ್-ಡೋಪದ ಫಲವನ್ನು ಪ್ರಕಟಿಸಿದರು. 2004ರಲ್ಲಿ ಪ್ರಕಟವಾದ ಲಂಡನ್ನಿನ ಪ್ರಯೋಗವೊಂದರಲ್ಲಿ 30 ಗ್ರಾಂ ಬೀಜದ ಪುಡಿ ಸಾಮಾನ್ಯ ಮಾತ್ರೆಗಿಂತ ಬೇಗ ಫಲ ತೋರಿತು. ಪರೀಕ್ಷಿತರು 8 ಮಂದಿ ಮಾತ್ರ; ಅದು ಕೊನೆಯ ತೀರ್ಪಲ್ಲ. ಆದರೂ ಇಲ್ಲಿ ಗಿಡ ಯಾವುದು, ಅದರಲ್ಲಿರುವ ದ್ರವ್ಯ ಯಾವುದು, ಪ್ರಮಾಣವೆಷ್ಟು, ರೋಗ ಯಾವುದು ಎಂಬ ನಾಲ್ಕು ಪ್ರಶ್ನೆಗಳಿಗೂ ಉತ್ತರವಿದೆ. ನಸುಗುನ್ನಿಗೆ ಗೌರವ ದೊರೆತದ್ದು ಪರೀಕ್ಷೆಯಿಂದ, ಪ್ರಾಚೀನತೆಯಿಂದಲ್ಲ.

ಪ್ರಾಚೀನ ಗ್ರಂಥವು ಅಂದಿನವರು ಏನನ್ನು ನಂಬಿದ್ದರು, ಏನನ್ನು ಬಳಸಿದರು ಎಂಬುದಕ್ಕೆ ಸಾಕ್ಷಿ. ಎಲ್ಲಿ ಪರೀಕ್ಷೆ ನಡೆಸಬೇಕೆಂಬುದಕ್ಕೆ ಕೈಮರ. ಇಂದಿನ ರೋಗಿ ಗುಣಹೊಂದುವನೆಂಬುದಕ್ಕೆ ಅದು ಸಾಕ್ಷಿಯಲ್ಲ. ಈ ಭೇದ ಕೇವಲ ಪಂಡಿತರ ಚರ್ಚೆಯಲ್ಲ. ಮರೆವಿಗೆ ತುತ್ತಾದ ಹಿರಿಯರನ್ನು ಚೂರ್ಣವೊಂದನ್ನೇ ನಂಬಿ ಮನೆಯಲ್ಲಿರಿಸಿಕೊಂಡ ಕುಟುಂಬವು, ಅದು ಖಿನ್ನತೆಯೋ, ಥೈರಾಯ್ಡ್ ದೋಷವೋ, ಮೆದುಳಿನ ಕ್ಷಯವೋ ಎಂದು ತಿಳಿಯುವ ಕಾಲವನ್ನು ಕಳೆದುಕೊಳ್ಳುತ್ತದೆ. ಮೊದಲೆರಡಕ್ಕೆ ಚಿಕಿತ್ಸೆಯುಂಟು. ಇತಿಹಾಸದ ಹೆಸರಿನಲ್ಲಿ ಅಂತಹ ವಿಳಂಬ ಸಂಭವಿಸದಂತೆ ಎಚ್ಚರಿಸುವುದು ನಮ್ಮ ಶಾಸ್ತ್ರದ ಕರ್ತವ್ಯವೇ ಸರಿ.